ಸರ್ ಬೆನೆಗಲ್ ನರಸಿಂಗರಾಯರು

ಅರಸೀಕೆರೆಗೆ ಸಮೀಪದ ಹಾರನಹಳ್ಳಿಯಲ್ಲಿ ಈಚೆಗೆ ಒಂದು ಮನೆತನದ ಪಾಲುಪಾರೀಖತ್ತಿನ ಕಾಲಕ್ಕೆ ನಾವು ಹಾಜರಿರಬೇಕಾಗಿ ಬಂದಿತು. ಸೋಮೇಶ್ವರ, ಲಕ್ಷ್ಮೀನರಸಿಂಹ ದೇವಾಲಯಗಳಿಂದ ಹೆಸರಾದ ಊರು ಅದು. ಆದರೆ ಅಲ್ಲಿಯ ಜನರ ಬದುಕು ನಿಂತಿರುವುದು ತೆಂಗಿನ ತೋಟದ ಮೇಲೆ, ರಾಗಿಯ ಹೊಲದ ಮೇಲೆ. ಮನೆಯ ಹಿರಿಯರು ತಗಡಿನ ಪೆಟ್ಟಿಗೆಯಿಂದ ಹಳೆಯ ಕಾಗದಪತ್ರಗಳನ್ನು ತೆಗೆಯುತ್ತಿದ್ದಾಗ, 1944ರಲ್ಲಿ ಅದೇ ಮನೆಯಲ್ಲಿ ನಡೆದಿದ್ದ ಇನ್ನೊಂದು ವಿಭಾಗದ ಪತ್ರವು ನಮ್ಮ ಕೈಗೆ ಬಂದಿತು. ಮೂವರು ಅಣ್ಣತಮ್ಮಂದಿರಲ್ಲಿ ನಡುವಿನವನು ಗಂಡುಸಂತಾನವಿಲ್ಲದೆ ತೀರಿಹೋಗಿದ್ದನು. ಆತನು ಬದುಕಿದ್ದರೆ ಬರುತ್ತಿದ್ದ ಪಾಲಿನಲ್ಲಿ ಅರ್ಧವನ್ನು ಆತನ ವಿಧವೆಗೆ ಬಿಟ್ಟು, ಇಷ್ಟು ತೋಟ, ಇಷ್ಟು ಖುಷ್ಕಿ ಎಂದು ಚಕ್ಕುಬಂದಿ ಸಹಿತವಾಗಿ ಆ ಪತ್ರದಲ್ಲಿ ಬರೆದಿದ್ದಿತು. ಆಕೆಯ ಒಡಹುಟ್ಟಿದ ತಂಗಿಯನ್ನು ಘಟ್ಟದ ಕೆಳಗೆ, ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡಕ್ಕೆ ಕೊಟ್ಟಿದ್ದರಂತೆ. ಆಕೆಯ ಗಂಡನೂ ಸುಮಾರು ಅದೇ ಕಾಲದಲ್ಲಿ ತೀರಿಕೊಂಡನು. ಆಕೆಗೆ ಮನೆಯಲ್ಲಿ ಭಾಗ ಸಿಕ್ಕಿತು, ನಗದಿನಲ್ಲಿ ಭಾಗ ಸಿಕ್ಕಿತು. ಗದ್ದೆಯಲ್ಲಿ ಮಾತ್ರ ಒಂದು ಗೇಣು ನೆಲವೂ ಸಿಕ್ಕಲಿಲ್ಲ. ಕೊನೆಯವರೆಗೂ ಭಾವಮೈದುನಂದಿರು ಕೊಟ್ಟ ಜೀವನಾಂಶದಲ್ಲಿಯೇ ಕಾಲ ಕಳೆದಳು.

ಒಂದೇ ತಾಯಿಯ ಮಕ್ಕಳು. ಇಬ್ಬರೂ ಮಿತಾಕ್ಷರ ಧರ್ಮಕ್ಕೆ ಒಳಪಟ್ಟ ಮನೆಗಳ ಸೊಸೆಯಂದಿರು. ಅವರವರ ಹಣೆಯ ಬರಹ ಎಂದು ಹಿರಿಯರು ಸಮಾಧಾನ ಹೇಳಿಕೊಂಡರು. ತಂಗಿಯ ಪಾಲಿನ ಬರಹವನ್ನು ವಿಧಿಯು ಬರೆದುದಲ್ಲವೆಂದೂ, 1941ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ದೆಹಲಿಯ ಫೆಡರಲ್ ಕೋರ್ಟಿನಲ್ಲಿ ಅದು ಬರೆಯಲ್ಪಟ್ಟಿತೆಂದೂ ನಾವು ಅವರಿಗೆ ಹೇಳಿದೆವು. ಆ ಬರಹವನ್ನು ಅಳಿಸುವುದಕ್ಕೆ ದಾರಿಮಾಡಿದವರಲ್ಲಿ ಮುಖ್ಯರಾದ ಸರ್ ಬೆನೆಗಲ್ ನರಸಿಂಗರಾಯರು ಅದೇ ದಕ್ಷಿಣ ಕನ್ನಡದ ಮಂಗಳೂರಿನಲ್ಲಿ ಹುಟ್ಟಿದವರು. ರಾಜ್ಯಾಂಗ ರಚನಾ ಸಭೆಯ ಸಲಹೆಗಾರರು ಎಂಬ ಒಂದು ಮಾತಿಗಿಂತ ಹೆಚ್ಚಾಗಿ ಅವರ ವಿಷಯವನ್ನು ನಮ್ಮ ಜನರು ಅರಿಯರು. ಆದ ಕಾರಣ ಅವರ ಜೀವಿತವನ್ನು, ವಿಶೇಷವಾಗಿ ನ್ಯಾಯಸ್ಥಾನದ ತೀರ್ಪುಗಳೊಡನೆ ಅವರಿಗಿದ್ದ ಸಂಬಂಧವನ್ನು, ನಮ್ಮ ವಾಚಕರ ಮುಂದೆ ಇಡಲು ಬಯಸುತ್ತೇವೆ.

ನರಸಿಂಗರಾಯರು 1887ನೆಯ ಇಸವಿ ಫೆಬ್ರವರಿ 26ರಂದು ಜನಿಸಿದರು. ತಂದೆ ಬೆನೆಗಲ್ ರಾಘವೇಂದ್ರರಾಯರು ವೈದ್ಯರು. ತಮ್ಮಂದಿರಲ್ಲಿ ಬೆನೆಗಲ್ ರಾಮರಾಯರು ರಿಜರ್ವ್ ಬ್ಯಾಂಕಿನ ಗವರ್ನರರಾದರು; ಶಿವರಾಯರು ಪತ್ರಿಕೋದ್ಯಮಿಗಳಾಗಿ, ರಾಜ್ಯಾಂಗ ಸಭೆಯ ಸದಸ್ಯರಾಗಿ ಪ್ರಸಿದ್ಧರಾದರು. ನರಸಿಂಗರಾಯರ ಓದು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ, ಅನಂತರ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ, ಕೊನೆಗೆ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನಲ್ಲಿ ನಡೆಯಿತು. ಗಣಿತವೂ ಸಂಸ್ಕೃತವೂ ಅವರಿಗೆ ಸಮನಾಗಿ ಒಲಿದಿದ್ದುವು. ಪಂಡಿತ ಜವಾಹರಲಾಲರು ಟ್ರಿನಿಟಿಯಲ್ಲಿ ಓದುತ್ತಿದ್ದುದೂ ಆ ವರುಷಗಳಲ್ಲಿಯೇ. ಒಬ್ಬರು ಅಲ್ಲಿಂದ ಬಂದು ಸೆರೆಮನೆಯ ಹಾದಿಯನ್ನು ಹಿಡಿದರು, ಇನ್ನೊಬ್ಬರು ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾಗಿ 1910ರಲ್ಲಿ ಬಂಗಾಳದ ಸರ್ಕಾರಿ ನೌಕರಿಗೆ ಸೇರಿದರು.

ಈ ಸಂಗತಿಯನ್ನು ನಾವು ಮರೆಮಾಚಲಾರೆವು. ಮೂವತ್ತನಾಲ್ಕು ವರುಷಗಳ ಕಾಲ ಅವರು ಪರಸರ್ಕಾರದ ಅನ್ನವನ್ನು ಉಂಡರು. 1938ರಲ್ಲಿ ಅದು ಕೊಟ್ಟ ಸರ್ ಪದವಿಯನ್ನೂ ಸ್ವೀಕರಿಸಿದರು. 1942ರ ಆಗಸ್ಟಿನಲ್ಲಿ ದೇಶವೆಲ್ಲ ಹೊತ್ತಿ ಉರಿಯುತ್ತಿದ್ದಾಗ ಅವರು ಕಲ್ಕತ್ತೆಯ ಹೈಕೋರ್ಟಿನ ನ್ಯಾಯಾಧೀಶರಾಗಿದ್ದರು. ಇಂಥವರ ಜೀವಿತವನ್ನು ರಾಷ್ಟ್ರೀಯ ಪತ್ರಿಕೆಯೊಂದು ಏಕೆ ಹೊಗಳಬೇಕು ಎಂದು ಕೇಳತಕ್ಕವರು ಇರಬಹುದು. ಹೊಗಳುವುದು ನಮ್ಮ ಉದ್ದೇಶವಲ್ಲ. ಸೆರೆಮನೆಯಿಂದ ಬಂದವರಿಗೆ ಸ್ವರಾಜ್ಯದ ಬಾಗಿಲು ತೆರೆದಾಗ, ಒಳಗಿನ ಕೋಣೆಗಳನ್ನು ಹೇಗೆ ಕಟ್ಟಬೇಕೆಂದು ತಿಳಿದವರು ಬೇಕಾಗಿದ್ದರು. ಅಂಥ ತಿಳಿವಳಿಕೆಯನ್ನು ನರಸಿಂಗರಾಯರು ಪರಸರ್ಕಾರದ ಕಚೇರಿಗಳಲ್ಲಿಯೇ ಸಂಪಾದಿಸಿದರು.

ಅಸ್ಸಾಮಿನಲ್ಲಿ ಅವರು ಸುಮಾರು ಎಂಟು ವರುಷ ಸರ್ಕಾರದ ಕಾನೂನು ಕಾರ್ಯದರ್ಶಿಗಳಾಗಿದ್ದರು. ಮಸೂದೆಗಳನ್ನು ಬರೆಯುವುದೇ ಅಲ್ಲಿಯ ಕೆಲಸ. 1935ರ ಇಂಡಿಯಾ ಸರ್ಕಾರದ ಶಾಸನವು ಬಂದ ಮೇಲೆ, ದೇಶದಲ್ಲಿ ಅದುವರೆಗೆ ಜಾರಿಯಲ್ಲಿದ್ದ ಕೇಂದ್ರದ ಮತ್ತು ಪ್ರಾಂತಗಳ ಕಾನೂನುಗಳನ್ನೆಲ್ಲ ಅದಕ್ಕೆ ಹೊಂದಿಸತಕ್ಕ ಕೆಲಸವು ಅವರ ಪಾಲಿಗೆ ಬಂದಿತು. ಅದು ಹೆಸರು ತರುವ ಕೆಲಸವಲ್ಲ. ಆದರೆ ಆ 1935ರ ಶಾಸನದ ಮೂರು ಪಟ್ಟಿಗಳು, ಅಂದರೆ ಕೇಂದ್ರಕ್ಕೆ ಇವು, ಪ್ರಾಂತಕ್ಕೆ ಇವು, ಇಬ್ಬರಿಗೂ ಇವು ಎಂದು ಅಧಿಕಾರವನ್ನು ಹಂಚಿದ ಪಟ್ಟಿಗಳು, ಎಲ್ಲೆಲ್ಲಿ ಸರಿಯಾಗಿ ಕೂಡಿಕೊಂಡಿವೆ, ಎಲ್ಲೆಲ್ಲಿ ಬಿರುಕು ಬಿಟ್ಟಿವೆ ಎಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರು ದೇಶದಲ್ಲಿ ಕೆಲವರೇ ಇದ್ದಿರಬೇಕು.

ಆ ಶಾಸನದ ಮೇರೆಗೆ 1937ನೆಯ ಇಸವಿ ಅಕ್ಟೋಬರ್ 1ರಂದು ಫೆಡರಲ್ ಕೋರ್ಟು ಸ್ಥಾಪಿತವಾಯಿತು. ಸರ್ ಮಾರಿಸ್ ಗ್ವೈಯರರು ಅದರ ಮೊದಲ ಮುಖ್ಯ ನ್ಯಾಯಾಧೀಶರು. ಫೆಡರೇಷನ್ನೇ ಹುಟ್ಟದೆ ಇದ್ದಾಗ ಫೆಡರಲ್ ಕೋರ್ಟು ಮಾತ್ರ ಹುಟ್ಟಿದ ವಿಚಿತ್ರವನ್ನು ಆಗ ಹಲವರು ಹಾಸ್ಯಮಾಡಿದ್ದುಂಟು. ಸಂಸ್ಥಾನಗಳು ಒಕ್ಕೂಟಕ್ಕೆ ಸೇರದೆ ಹೋದುದರಿಂದ ಮೈಸೂರಿನ ಮೇಲೆ ಆ ಕೋರ್ಟಿನ ಮಾತು ನಡೆಯುತ್ತಿರಲಿಲ್ಲ. ಹಾರನಹಳ್ಳಿಯ ಅಕ್ಕನಿಗೆ ಒದಗಿದ ಅದೃಷ್ಟದ ಅರ್ಧ ಕಾರಣವು ಇದು. ಇನ್ನರ್ಧ ಕಾರಣವು ಮೈಸೂರಿನಲ್ಲಿ 1933ರಲ್ಲಿ ಆದ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನು. ಅವಿಭಕ್ತ ಕುಟುಂಬವು ಭಾಗವಾಗುವಾಗ ವಿಧವೆಗೆ ಗಂಡನ ಪಾಲಿನ ಅರ್ಧ, ಮದುವೆಯಾಗದ ಮಗಳಿಗೆ ಅಣ್ಣತಮ್ಮಂದಿರೊಬ್ಬರ ಪಾಲಿನ ಕಾಲುಭಾಗ ಎಂದು ಅದು ವಿಧಿಸಿತು. ಇಂದಿನ ಕಣ್ಣಿಗೆ ಅದು ಜಿಪುಣತನವಾಗಿ ತೋರಬಹುದು. ಆದರೆ ಮೈಸೂರಿನ ಸರ್ಕಾರಕ್ಕೆ ಮನೆಯೂ ತನ್ನದೇ, ಹೊಲವೂ ತನ್ನದೇ ಆಗಿದ್ದಿತು; ಪಟ್ಟಿಗಳ ತೊಡಕು ಇರಲಿಲ್ಲ. ಆದುದರಿಂದ ಕೊಟ್ಟಷ್ಟು ಪಾಲು ಹೊಲದಲ್ಲಿಯೂ ಸಂದಿತು.

ಬ್ರಿಟಿಷ್ ಇಂಡಿಯಾದಲ್ಲಿ ಇದಕ್ಕೆ ಸಮನಾದ ಕಾನೂನು ಬಂದುದು 1937ರಲ್ಲಿ. ಅದನ್ನು ತಂದವರು ಮುಂಬಯಿಯ ಡಾಕ್ಟರ್ ದೇಶಮುಖರು. ವಿಧವೆಗೆ ಮಗನಷ್ಟೇ ಪಾಲು ಎಂದು ಅದು ಹೇಳಿತು. ಪಾಲಿನ ಪ್ರಮಾಣದಲ್ಲಿ ಮೈಸೂರನ್ನು ಮೀರಿಸಿತು. ಆದರೆ ಅದರ ಜನ್ಮಕಾಲವೇ ಸರಿಯಾಗಿರಲಿಲ್ಲ. ಕೆಳಮನೆಯು ಆ ಮಸೂದೆಯನ್ನು ಅಂಗೀಕರಿಸಿದ್ದು ಫೆಬ್ರವರಿಯಲ್ಲಿ. ಏಪ್ರಿಲ್ 1ರಂದು ಹೊಸ ಪಟ್ಟಿಗಳು ಜಾರಿಗೆ ಬಂದುವು. ಮೇಲ್ಮನೆಯ ಒಪ್ಪಿಗೆಯೂ ಗವರ್ನರ್ ಜನರಲರ ಸಮ್ಮತಿಯೂ ದೊರೆತುದು ಅದಾದ ಕೆಲವು ದಿನಗಳ ಮೇಲೆ. ಹೊಸ ಪಟ್ಟಿಗಳಲ್ಲಿ ಉತ್ತರಾಧಿಕಾರದ ವಿಷಯವು ಇಬ್ಬರಿಗೂ ಸೇರಿದುದು. ಆದರೆ ವ್ಯವಸಾಯದ ಜಮೀನಿನ ಉತ್ತರಾಧಿಕಾರವು ಮಾತ್ರ ಪ್ರಾಂತಕ್ಕೇ ಮೀಸಲು. ಹಾಗಾದರೆ ಈ ಕಾನೂನು ಸಿಂಧುವೇ, ಅಸಿಂಧುವೇ? ವಿಧವೆಯರು ನ್ಯಾಯಸ್ಥಾನದ ಕಟ್ಟೆಯನ್ನು ಹತ್ತಿ ಇಳಿಯತೊಡಗಿದರು. ಕಡೆಗೆ ಗವರ್ನರ್ ಜನರಲರು ಫೆಡರಲ್ ಕೋರ್ಟಿನ ಅಭಿಪ್ರಾಯವನ್ನು ಕೇಳಿದರು.

ಗ್ವೈಯರರ ಕೋರ್ಟು ಜಾಣತನದಿಂದ ನಡುವಿನ ದಾರಿಯನ್ನು ಹಿಡಿಯಿತು. ಶಾಸನಸಭೆಯು ತನ್ನ ಅಧಿಕಾರದ ಮೇರೆಯನ್ನು ದಾಟಬೇಕೆಂದು ಉದ್ದೇಶಿಸಿತೆಂದು ಊಹಿಸಕೂಡದು; ಆದ ಕಾರಣ ಕಾನೂನಿನಲ್ಲಿರುವ ಸ್ವತ್ತು ಎಂಬ ಮಾತಿಗೆ ವ್ಯವಸಾಯದ ಜಮೀನನ್ನು ಬಿಟ್ಟು ಉಳಿದ ಸ್ವತ್ತು ಎಂದೇ ಅರ್ಥಮಾಡತಕ್ಕದ್ದು. ಹೀಗೆ ಕಾನೂನು ಉಳಿಯಿತು, ಹೊಲವು ಹೋಯಿತು. ನ್ಯಾಯಶಾಸ್ತ್ರದ ದೃಷ್ಟಿಯಿಂದ ಆ ತೀರ್ಪಿನಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಹೊಲವನ್ನು ಬಿಟ್ಟರೆ ಬೇರೆ ಸ್ವತ್ತೇ ಇಲ್ಲದ ದೇಶದಲ್ಲಿ ಅದರ ಫಲವೇನಾಯಿತೆಂಬುದನ್ನು ಹಾರನಹಳ್ಳಿಯ ತಂಗಿಯೇ ಬಲ್ಲಳು. ಪ್ರಾಂತಗಳು ತಮ್ಮ ತಮ್ಮ ಕಾನೂನು ಮಾಡಿ ಹೊಲಕ್ಕೂ ಹಕ್ಕನ್ನು ವಿಸ್ತರಿಸುವ ತನಕ ವಿಧವೆಯರು ಕಾಯಬೇಕಾಯಿತು. ಮುಂಬಯಿ ಪ್ರಾಂತವು 1942ರಲ್ಲಿ ಮಾಡಿದುದರಿಂದ ಧಾರವಾಡ, ಬಿಜಾಪುರದ ಕನ್ನಡ ಹೆಂಗಸರಿಗೆ ಬೇಗ ಬಿಡುಗಡೆಯಾಯಿತು. ಮದರಾಸು ಪ್ರಾಂತವು 1947ರವರೆಗೆ ಸುಮ್ಮನಿದ್ದಿತು; ಬಳ್ಳಾರಿ, ದಕ್ಷಿಣ ಕನ್ನಡಗಳು ಅದರೊಡನೆ ಸುಮ್ಮನಿರಬೇಕಾಯಿತು. ಅಳಿಯಸಂತಾನ ಕಟ್ಟಿನ ಮನೆಗಳ ಮಾತು ಬೇರೆ. ಅವರಿಗೆ ದೇಶಮುಖರ ಕಾನೂನು ಅನ್ವಯಿಸುತ್ತಲೇ ಇರಲಿಲ್ಲ. ಕನ್ನಡನಾಡು ಹರಿದು ಹಂಚಿಹೋಗಿದ್ದುದರ ಕಷ್ಟವನ್ನು ನಮ್ಮ ಹಿರಿಯರು ಭಾಷೆಯ ದೃಷ್ಟಿಯಿಂದ ಹೇಳುತ್ತಿದ್ದರು. ವಿಧವೆಯ ಅನ್ನವೂ ಗಡಿಯಿಂದ ಗಡಿಗೆ ಬದಲಾಗುತ್ತಿತ್ತೆಂಬುದನ್ನು ಅಷ್ಟಾಗಿ ಹೇಳಲಿಲ್ಲ.

ದೇಶಮುಖರ ಕಾನೂನಿನ ತೊಡಕುಗಳನ್ನು ಪರಿಶೀಲಿಸುವುದಕ್ಕಾಗಿ ಇಂಡಿಯಾ ಸರ್ಕಾರವು 1941ರ ಜನವರಿಯಲ್ಲಿ, ಎಂದರೆ ಫೆಡರಲ್ ಕೋರ್ಟಿನ ಅಭಿಪ್ರಾಯವು ಹೊರಬೀಳುವುದಕ್ಕೆ ಮೂರು ತಿಂಗಳು ಮುಂಚೆ, ಹಿಂದೂ ಧರ್ಮಶಾಸ್ತ್ರ ಸಮಿತಿಯನ್ನು ನೇಮಿಸಿ ನರಸಿಂಗರಾಯರನ್ನು ಅದರ ಅಧ್ಯಕ್ಷರನ್ನಾಗಿ ಮಾಡಿತು. ಸರ್ಕಾರವು ಕೇಳಿದುದು ತೇಪೆಯನ್ನು. ರಾಯರ ಸಮಿತಿಯು ಕೆಲವು ತಿಂಗಳಲ್ಲಿಯೇ ವರದಿ ಕೊಟ್ಟು, ತೇಪೆಯ ಮೇಲೆ ತೇಪೆ ಹಾಕುವುದನ್ನು ಬಿಟ್ಟು ಹಿಂದೂ ಧರ್ಮಶಾಸ್ತ್ರವನ್ನೆಲ್ಲ ಭಾಗಭಾಗವಾಗಿ ಒಂದು ಸಂಹಿತೆಯಾಗಿ ರಚಿಸಬೇಕೆಂದು ಸಲಹೆ ಮಾಡಿತು. ಸಮಿತಿಯು 1944ರಲ್ಲಿ ಮತ್ತೆ ಕೂಡಿತು. 1945ರಲ್ಲಿ ಮುಂಬಯಿ, ಪುಣೆ, ಕಲ್ಕತ್ತ, ಮದರಾಸು, ಲಾಹೋರ್ ಮೊದಲಾದ ಊರುಗಳಲ್ಲಿ ಸಂಚರಿಸಿ ಪಂಡಿತರ, ವಕೀಲರ, ಮಹಿಳಾ ಸಂಘಗಳ ಸಾಕ್ಷ್ಯವನ್ನು ಪಡೆಯಿತು. ವಿರೋಧವು ಕಡಿಮೆಯಿರಲಿಲ್ಲ. ಸಮಿತಿಯ ಸದಸ್ಯರಾದ ಡಾಕ್ಟರ್ ದ್ವಾರಕಾನಾಥ ಮಿತ್ತರರೇ ಕೊನೆಗೆ ಭಿನ್ನಾಭಿಪ್ರಾಯವನ್ನು ಬರೆದರು.

ಸಮಿತಿಯು ಮಗಳಿಗೆ ಮಗನ ಪಾಲಿನ ಅರ್ಧವನ್ನು ಸೂಚಿಸಿತು. ಹುಟ್ಟಿನಿಂದಲೇ ಗಂಡುಮಕ್ಕಳಿಗೆ ಬರತಕ್ಕ ಹಕ್ಕನ್ನೂ, ಸತ್ತವನ ಪಾಲು ಉಳಿದ ಗಂಡಸರಿಗೆ ಹೋಗುವ ಪದ್ಧತಿಯನ್ನೂ ತೆಗೆದುಹಾಕಬೇಕೆಂದಿತು. ಮಿತಾಕ್ಷರವು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನಿಂದ ಬರೆಯಲ್ಪಟ್ಟು, ಬಂಗಾಳವೊಂದನ್ನು ಬಿಟ್ಟು ಹೆಚ್ಚುಕಡಮೆ ಭರತಖಂಡವನ್ನೆಲ್ಲ ಆಳಿದ ಗ್ರಂಥ. ಕನ್ನಡನಾಡಿನಲ್ಲಿ ಹುಟ್ಟಿದ ಆ ಕಟ್ಟನ್ನು ಬಿಚ್ಚತಕ್ಕ ಕೆಲಸಕ್ಕೆ, ಬಂಗಾಳದ ದಾಯಭಾಗವನ್ನು ಮೂವತ್ತು ವರುಷ ಕಣ್ಣಾರೆ ಕಂಡ ಕನ್ನಡನಾಡಿನವರೊಬ್ಬರು ಕುಳಿತುದು ನಮಗೆ ವಿಶೇಷವಾಗಿ ಕಾಣುತ್ತದೆ. ಆದರೆ ಸಂಹಿತೆಯನ್ನು ಎಷ್ಟು ಚೆನ್ನಾಗಿ ಬರೆದರೂ ಕೇಂದ್ರದ ಕೈ ಹೊಲವನ್ನು ಮುಟ್ಟುವಂತಿರಲಿಲ್ಲ. ಆ ಬಿರುಕನ್ನು ಮುಚ್ಚಲು ರಾಜ್ಯಾಂಗವೇ ಬದಲಾಗಬೇಕಾಗಿದ್ದಿತು. ಆ ವಿಷಯಕ್ಕೆ ಮುಂದೆ ಬರುತ್ತೇವೆ.

ಇದೇ ವರುಷಗಳಲ್ಲಿ ಇನ್ನೊಂದು ವ್ಯಾಜ್ಯವು ರಾಯರ ಮುಂದೆ ಬಂದಿತು. ಪಂಜಾಬವು ಸಿಂಧೂನದಿಯ ಉಪನದಿಗಳಿಗೆ ಅಣೆಕಟ್ಟು ಕಟ್ಟಿದರೆ ತಮ್ಮ ಕಾಲುವೆಗಳು ಒಣಗುತ್ತವೆಂದು ಸಿಂಧ್ ಪ್ರಾಂತದವರು ದೂರಿದರು. 1935ರ ಶಾಸನವು ನೀರಿನ ಜಗಳವನ್ನು ಫೆಡರಲ್ ಕೋರ್ಟಿನ ಅಧಿಕಾರದಿಂದ ಹೊರಗಿಟ್ಟು, ಬೇರೆ ಆಯೋಗಕ್ಕೆ ಒಪ್ಪಿಸತಕ್ಕದ್ದೆಂದು ಹೇಳಿದ್ದಿತು. 1941ರಲ್ಲಿ ನೇಮಿತವಾದ ಆ ಆಯೋಗಕ್ಕೆ ರಾಯರೇ ಅಧ್ಯಕ್ಷರು. ಇಬ್ಬರು ಇಂಜಿನಿಯರುಗಳು ಸದಸ್ಯರು. ಈ ದೇಶದಲ್ಲಿ ಅಂಥ ಜಗಳಕ್ಕೆ ಹಿಂದಿನ ಮೇಲ್ಪಂಕ್ತಿಯಿರಲಿಲ್ಲ. ಅಮೆರಿಕದಲ್ಲಿ ಇದ್ದಿತು. ಕಾನ್ಸಾಸ್ ಮತ್ತು ಕೊಲರಾಡೋ ಸಂಸ್ಥಾನಗಳು ಒಂದು ನದಿಗಾಗಿ ಕಾದಾಡಿದಾಗ, ಮೇಲಿನವನದೇ ನೀರು ಎಂದೂ ಅಲ್ಲ, ಕೆಳಗಿನವನಿಗೆ ಇದ್ದುದೆಲ್ಲ ಇದ್ದಂತೆಯೇ ಹರಿಯಬೇಕೆಂದೂ ಅಲ್ಲ, ಇಬ್ಬರಿಗೂ ನ್ಯಾಯವಾದ ಹಂಚಿಕೆಯಾಗಬೇಕು ಎಂಬ ತತ್ವವನ್ನು 1907ರಲ್ಲಿ ಅಲ್ಲಿಯ ಸುಪ್ರೀಮ್ ಕೋರ್ಟು ಸ್ಥಾಪಿಸಿತ್ತು. ರಾಯರು ಅಮೆರಿಕದ ಇಂಥ ತೀರ್ಪುಗಳನ್ನು ಪರಿಶೀಲಿಸಿ, ಒಪ್ಪಂದವೇ ಉತ್ತಮ, ಒಪ್ಪಂದವಾಗದಿದ್ದರೆ ನ್ಯಾಯವಾದ ಹಂಚಿಕೆಯೇ ಗತಿ ಎಂದು 1942ರ ಜುಲೈಯಲ್ಲಿ ವರದಿ ಕೊಟ್ಟರು. ಎರಡು ಪ್ರಾಂತಗಳಿಗೂ ಸಮಾಧಾನವಾಗಲಿಲ್ಲ; ಸುಮಾರು ಐದು ವರುಷಗಳಲ್ಲಿ ದೇಶವೇ ಭಾಗವಾಗಿ ಆ ನದಿಯ ಮಾತು ಬೇರೆಯಾಯಿತು. ತತ್ವವು ಮಾತ್ರ ಉಳಿಯಿತು. ಕಾವೇರಿಯ ವ್ಯಾಜ್ಯದಲ್ಲಿ 2007ರ ನ್ಯಾಯಮಂಡಲಿಯ ತೀರ್ಪೂ 2018ರ ಸುಪ್ರೀಮ್ ಕೋರ್ಟಿನ ತೀರ್ಪೂ ನಿಂತಿರುವುದು ಅದೇ ತತ್ವದ ಮೇಲೆ. ನದಿಯು ಯಾವ ರಾಜ್ಯದ ಆಸ್ತಿಯೂ ಅಲ್ಲವೆಂಬ ಆ ಮಾತಿನಿಂದಲೇ ಕರ್ನಾಟಕಕ್ಕೆ 1924ರ ಒಪ್ಪಂದದ ಹಳೆಯ ಹಿಡಿತವು ಸಡಿಲವಾಗಿ, 2018ರಲ್ಲಿ 14.75 ಟಿ.ಎಂ.ಸಿ. ನೀರು ಹೆಚ್ಚಾಗಿ ದೊರೆಯಿತು. ಹೇಮಾವತಿಯ ದಂಡೆಯ ನಮ್ಮ ಜಿಲ್ಲೆಯವರು ಆ ಹೆಸರನ್ನು ಒಮ್ಮೆ ನೆನೆಯಬಹುದು.

1944ರಲ್ಲಿ ನಿವೃತ್ತರಾಗಿ ಕಾಶ್ಮೀರದ ಪ್ರಧಾನಮಂತ್ರಿಗಳಾದರು; ಮಹಾರಾಜರೊಡನೆ ಹೊಂದಿಕೆಯಾಗದೆ ಮರುವರುಷವೇ ಬಿಟ್ಟು ಬಂದರು. 1946ರಲ್ಲಿ ರಾಜ್ಯಾಂಗ ರಚನಾ ಸಭೆಯ ಸಲಹೆಗಾರರಾದರು. ಆ ಕೆಲಸಕ್ಕೆ ಅವರು ಸಂಬಳ ತೆಗೆದುಕೊಳ್ಳಲಿಲ್ಲ. 1947ರ ಅಕ್ಟೋಬರಿನಲ್ಲಿ ಅವರು ಸಿದ್ಧಪಡಿಸಿದ ಕರಡಿನಲ್ಲಿ 243 ವಿಧಿಗಳೂ 13 ಅನುಬಂಧಗಳೂ ಇದ್ದುವು. ಡಾಕ್ಟರ್ ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿಯು ಅದನ್ನು ಆಧಾರವಾಗಿಟ್ಟುಕೊಂಡು ತಿದ್ದಿ ಬೆಳೆಸಿತು. ಆ ಋಣವನ್ನು ಅಂಬೇಡ್ಕರರು ಸಭೆಯಲ್ಲಿಯೇ ಬಾಯ್ತುಂಬ ಒಪ್ಪಿಕೊಂಡರು. ರಾಜ್ಯಾಂಗವನ್ನು ಬರೆದವರು ಇವರೋ ಅವರೋ ಎಂದು ಈಗೀಗ ಕೆಲವರು ಹೂಡುವ ವಾದವು ಇಬ್ಬರಿಗೂ ಗೌರವ ತರತಕ್ಕದ್ದಲ್ಲ.

ಕರಡನ್ನು ಒಪ್ಪಿಸಿ ರಾಯರು ಅಮೆರಿಕ, ಕೆನಡ, ಐರ್ಲೆಂಡ್, ಇಂಗ್ಲೆಂಡುಗಳಿಗೆ ಹೋದರು. ಅಲ್ಲಿ ನಡೆದ ಒಂದು ಸಂಭಾಷಣೆಯ ಫಲವನ್ನು ನಮ್ಮ ದೇಶವು ಮೂವತ್ತು ವರುಷ ಉಂಡಿತು. ವಿಷಯವು ಹೀಗೆ. ನ್ಯಾಯಸಮ್ಮತ ಕ್ರಮವಿಲ್ಲದೆ ಯಾರ ಪ್ರಾಣವನ್ನೂ ಸ್ವಾತಂತ್ರ್ಯವನ್ನೂ ಸ್ವತ್ತನ್ನೂ ಕಸಿಯಕೂಡದೆಂದು ಅಮೆರಿಕದ ರಾಜ್ಯಾಂಗವು ಹೇಳುತ್ತದೆ. ಇದನ್ನೇ ಅವರು ಡ್ಯೂ ಪ್ರಾಸೆಸ್ ಎನ್ನುವರು. ಅಲ್ಲಿಯ ನ್ಯಾಯಾಧೀಶರು ಈ ಮಾತನ್ನು ಹಿಗ್ಗಿಸಿ, ಕ್ರಮವಷ್ಟೇ ಅಲ್ಲ, ಕಾನೂನೇ ನ್ಯಾಯವಾದುದೆಂದು ತಮಗೆ ತೋರಬೇಕೆಂದರು. ರೊಟ್ಟಿ ಸುಡುವ ಕೂಲಿಗಳನ್ನು ದಿನಕ್ಕೆ 10 ಗಂಟೆಗಿಂತ ಹೆಚ್ಚು ದುಡಿಸಕೂಡದೆಂಬ ನ್ಯೂಯಾರ್ಕಿನ ಕಾನೂನನ್ನು 1905ರಲ್ಲಿ ಹೊಡೆದುಹಾಕಿದರು. ಹೆಂಗಸರಿಗೆ ಕನಿಷ್ಠ ಕೂಲಿಯನ್ನು ಗೊತ್ತುಮಾಡಿದ ವಾಷಿಂಗ್ಟನ್ನಿನ ಕಾನೂನನ್ನು 1923ರಲ್ಲಿ ಹೊಡೆದುಹಾಕಿದರು. ಆ ಎರಡನೆಯ ವ್ಯಾಜ್ಯದಲ್ಲಿ ಕೂಲಿಯ ಹೆಂಗಸರ ಪರವಾದ ಕಾನೂನನ್ನು ಸಮರ್ಥಿಸಿ ಸೋತ ವಕೀಲರು ಫೆಲಿಕ್ಸ್ ಫ್ರಾಂಕ್‌ಫರ್ಟರರು. ಕಾಲಾನಂತರ ಅವರೇ ಸುಪ್ರೀಮ್ ಕೋರ್ಟಿನ ನ್ಯಾಯಾಧೀಶರಾಗಿದ್ದರು. ರಾಯರು ಕಂಡುದು ಅವರನ್ನು. ಜನರಿಂದ ಆರಿಸಿ ಬಂದ ಶಾಸನಸಭೆಯ ಮಾತನ್ನು ಕೆಲವರು ನ್ಯಾಯಾಧೀಶರು ಅಳಿಸುವುದು ಪ್ರಜಾಪ್ರಭುತ್ವಕ್ಕೆ ಒಪ್ಪದು, ನ್ಯಾಯಸ್ಥಾನಕ್ಕೂ ಅದು ಹೊರಲಾರದ ಭಾರ ಎಂಬುದು ಫ್ರಾಂಕ್‌ಫರ್ಟರರ ಮತ. ಅದು ಸುಟ್ಟುಕೊಂಡವರ ಮತ.

ನಮ್ಮ ರಾಜ್ಯಾಂಗ ಸಭೆಯು 1947ರ ಏಪ್ರಿಲಿನಲ್ಲಿ ಡ್ಯೂ ಪ್ರಾಸೆಸ್ಸನ್ನು ಒಪ್ಪಿಕೊಂಡಿದ್ದಿತು. ರಾಯರಿಗೆ ಮೊದಲಿನಿಂದಲೂ ಅದರ ವಿಷಯದಲ್ಲಿ ಅಂಜಿಕೆ. ಅಮೆರಿಕದ ಪ್ರವಾಸವು ಅದನ್ನು ದೃಢಪಡಿಸಿತು. ಜಮೀನ್ದಾರಿಯನ್ನು ತೆಗೆಯಬೇಕಾದ, ಗೇಣಿದಾರನಿಗೆ ನೆಲ ಕೊಡಬೇಕಾದ, ಕೂಲಿಗೆ ಕನಿಷ್ಠ ದರವನ್ನು ಕಟ್ಟಬೇಕಾದ ದೇಶದಲ್ಲಿ ನ್ಯಾಯಾಧೀಶನ ಕೈಗೆ ಅಂಥ ಕತ್ತಿಯನ್ನು ಕೊಡಬಹುದೇ? ಕರಡು ಸಮಿತಿಯು ಜಪಾನಿನ ರಾಜ್ಯಾಂಗವನ್ನು ಅನುಸರಿಸಿ, ಕಾನೂನು ವಿಧಿಸಿದ ಕ್ರಮ ಎಂದು ಆ ಮಾತನ್ನು ಬದಲಾಯಿಸಿತು. ಸಭೆಯಲ್ಲಿ ಹಲವರು ಹಳೆಯ ಮಾತಿಗಾಗಿಯೇ ವಾದಿಸಿದರು. ಅಂಬೇಡ್ಕರರು ಎರಡು ಕಡೆಯ ಅಪಾಯವನ್ನೂ ತೋರಿಸಿ ತೀರ್ಮಾನವನ್ನು ಸಭೆಗೇ ಬಿಟ್ಟರು. 1948ರ ಡಿಸೆಂಬರಿನಲ್ಲಿ ಬದಲಾದ ಮಾತೇ ನಿಂತಿತು.

ಇಲ್ಲಿ ನರಸಿಂಗರಾಯರು ತಪ್ಪಿದರೆಂದು ನಾವು ಹೇಳಲೇಬೇಕಾಗಿದೆ. ಅವರು ಭಯಪಟ್ಟುದು ಸ್ವತ್ತಿನ ವಿಷಯದಲ್ಲಿ. ಕಾವಲು ತಪ್ಪಿದುದು ಮೈಯ ವಿಷಯದಲ್ಲಿ. ಸ್ವತ್ತಿಗೆ ನಮ್ಮ ರಾಜ್ಯಾಂಗದಲ್ಲಿ ಬೇರೆ ವಿಧಿಯೇ ಇದ್ದಿತು. ಇಪ್ಪತ್ತೊಂದನೆಯ ವಿಧಿಯಲ್ಲಿ ಉಳಿದುದು ಪ್ರಾಣ ಮತ್ತು ದೇಹಸ್ವಾತಂತ್ರ್ಯ ಮಾತ್ರ. ವಿಚಾರಣೆಯಿಲ್ಲದೆ ಮನುಷ್ಯನನ್ನು ಸೆರೆಯಲ್ಲಿಡುವುದೆಂದರೇನೆಂಬುದನ್ನು ರಾಯರು ತಿಳಿಯದವರೇನಲ್ಲ. 1943ರ ಏಪ್ರಿಲಿನಲ್ಲಿ ಕೇಶವ ತಳಪದೆಯವರ ವ್ಯಾಜ್ಯದಲ್ಲಿ ಫೆಡರಲ್ ಕೋರ್ಟು ಯುದ್ಧಕಾಲದ ರಕ್ಷಣಾ ನಿಯಮಗಳಲ್ಲಿ 26ನೆಯದನ್ನು ಅಸಿಂಧುವೆಂದು ಸಾರಿತು. ಆ ನಿಯಮದ ಮೇರೆಗೆ ಸಾವಿರಾರು ಮಂದಿ ದೇಶಸೇವಕರು ಸೆರೆಯಲ್ಲಿದ್ದರು. ಬಾಗಿಲು ತೆರೆಯಿತೆ? ಕೆಲವೇ ದಿನಗಳಲ್ಲಿ ಸರ್ಕಾರವು ಒಂದು ಆರ್ಡಿನೆನ್ಸನ್ನು ಹೊರಡಿಸಿ, ಅಸಿಂಧುವಾದುದನ್ನು ಹಿಂದಿನಿಂದಲೇ ಸಿಂಧುವಾಗುವಂತೆ ಮಾಡಿಕೊಂಡಿತು. ಕಾನೂನು ವಿಧಿಸಿದ ಕ್ರಮವೇ ಸಾಕೆಂಬುದರ ಅರ್ಥವನ್ನು ದೇಶವು ಅಂದೇ ನೋಡಿದ್ದಿತು. ಆ ದಿನಗಳಲ್ಲಿ ಕಲ್ಕತ್ತೆಯ ನ್ಯಾಯಪೀಠದ ಮೇಲೆ ಕುಳಿತಿದ್ದವರು, ಐದು ವರುಷದ ತರುವಾಯ ಅದೇ ಮಾತನ್ನು ಸ್ವತಂತ್ರ ದೇಶದ ರಾಜ್ಯಾಂಗಕ್ಕೆ ಬರಗೊಟ್ಟುದು ನಮಗೆ ಇಂದಿಗೂ ಅರ್ಥವಾಗದ ಸಂಗತಿ. ನಮ್ಮವರ ಸರ್ಕಾರವು ಪರರ ಸರ್ಕಾರದಂತೆ ನಡೆಯಲಾರದೆಂದು ನಂಬಿದ್ದರೋ ಏನೋ.

ನಂಬಿಕೆಯು ಬಹುಕಾಲ ಬಾಳಲಿಲ್ಲ. ರಾಜ್ಯಾಂಗವು ಜಾರಿಗೆ ಬಂದು ನಾಲ್ಕು ತಿಂಗಳಾಗುವಷ್ಟರಲ್ಲಿ, 1950ರ ಮೇ 19ರಂದು, ಕಣ್ಣನೂರು ಸೀಮೆಯ ಕಮ್ಯೂನಿಸ್ಟ್ ಮುಂದಾಳು ಎ.ಕೆ. ಗೋಪಾಲನ್‌ರ ವ್ಯಾಜ್ಯದಲ್ಲಿ ಸುಪ್ರೀಮ್ ಕೋರ್ಟಿನ ಬಹುಮತವು, ಶಾಸನಸಭೆಯು ವಿಧಿಸಿದ ಕ್ರಮ ಯಾವುದಾದರೂ ಆ ವಿಧಿಗೆ ಸಾಕೆಂದು ತೀರ್ಮಾನಿಸಿತು. ಕೋರ್ಟು ಆಗ ಡ್ಯೂ ಪ್ರಾಸೆಸ್ಸನ್ನು ಕೈಬಿಟ್ಟ ಇತಿಹಾಸವನ್ನೇ ಆಧಾರವಾಗಿ ತೋರಿಸಿತು. ಫಜಲ್ ಅಲಿಯವರು ಭಿನ್ನಾಭಿಪ್ರಾಯವನ್ನು ಬರೆದರು. ಆ ಭಿನ್ನಾಭಿಪ್ರಾಯದ ದಾರಿಗೆ ಕೋರ್ಟು ಬರಲು 1978ರವರೆಗೆ ಬೇಕಾಯಿತು. ಆ ವರುಷ ಮೇನಕಾ ಗಾಂಧಿಯವರ ವ್ಯಾಜ್ಯದಲ್ಲಿ, ಕಾನೂನು ವಿಧಿಸಿದ ಕ್ರಮವೆಂದರೆ ನ್ಯಾಯವೂ ಯುಕ್ತವೂ ಆದ ಕ್ರಮವೆಂದು ಅರ್ಥಹೇಳಿ, ಹೊರಗೆ ಹಾಕಿದ್ದನ್ನು ನ್ಯಾಯಾಧೀಶರು ಮತ್ತೆ ಒಳಗೆ ಕರೆದುಕೊಂಡರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಪುಟ್ಟಸ್ವಾಮಿಯವರು ಹೂಡಿದ ವ್ಯಾಜ್ಯದಲ್ಲಿ 2017ರಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಲ್ಪಟ್ಟುದು ಆ ಬಾಗಿಲಿನಿಂದಲೇ.

ರಾಯರ ಭಯಕ್ಕೆ ಆಧಾರವೇ ಇರಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. 1951ರಲ್ಲಿ ಬಿಹಾರದ ಜಮೀನ್ದಾರಿ ರದ್ದಿನ ಕಾನೂನನ್ನು ಪಾಟ್ನಾ ಹೈಕೋರ್ಟು ಹೊಡೆದುಹಾಕಿತು. ಅದೇ ವರುಷವೇ ರಾಜ್ಯಾಂಗಕ್ಕೆ ಮೊದಲನೆಯ ತಿದ್ದುಪಡಿ ಮಾಡಬೇಕಾಯಿತು. ಇದನ್ನು ಮುಂಗಂಡೇ ರಾಯರು, ರಾಜ್ಯನೀತಿಯ ನಿರ್ದೇಶಕ ತತ್ವಗಳನ್ನು ನಡೆಸಲು ಮಾಡಿದ ಕಾನೂನು ಮೂಲಭೂತ ಹಕ್ಕಿಗೆ ವಿರೋಧವೆಂಬ ಒಂದೇ ಕಾರಣದಿಂದ ಅಸಿಂಧುವಾಗಕೂಡದೆಂದು ಸಲಹೆ ಕೊಟ್ಟಿದ್ದರು. ಕರಡು ಸಮಿತಿಯು ಒಪ್ಪಲಿಲ್ಲ. ಆ ಸಲಹೆಯ ತಿರುಳನ್ನು 1971ರ ಇಪ್ಪತ್ತೈದನೆಯ ತಿದ್ದುಪಡಿಯು ಮತ್ತೆ ತಂದಿತು. 1973ರ ಏಪ್ರಿಲ್ 24ರಂದು ಹದಿಮೂರು ಮಂದಿ ನ್ಯಾಯಾಧೀಶರ ಪೀಠವು ಅದರ ಮುಖ್ಯ ಭಾಗವನ್ನು ಎತ್ತಿಹಿಡಿಯಿತು. ಜೊತೆಗೆ, ರಾಜ್ಯಾಂಗದ ಮೂಲ ಕಟ್ಟನ್ನು ಪಾರ್ಲಿಮೆಂಟು ಕೆಡಿಸಕೂಡದೆಂದು ಎಲ್ಲೆಯನ್ನೂ ಹಾಕಿತು. ಆ ವ್ಯಾಜ್ಯವನ್ನು ಹೂಡಿದವರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು. ರಾಯರ ತವರುಸೀಮೆಯ ಕನ್ನಡ ಮಠವೊಂದರ ಜಮೀನಿನಿಂದ ಹೊರಟ ವ್ಯಾಜ್ಯದಲ್ಲಿಯೇ, ಅವರು ಹಿಂದೆ ಕೇಳಿ ಪಡೆಯದೆ ಹೋದುದು ಊರ್ಜಿತವಾಯಿತು.

ರಾಯರು 1949ರಿಂದ ವಿಶ್ವಸಂಸ್ಥೆಯಲ್ಲಿ ಇಂಡಿಯಾದ ಪ್ರತಿನಿಧಿಗಳಾಗಿದ್ದರು. 1950ರ ಜೂನಿನಲ್ಲಿ ಕೊರಿಯದ ಯುದ್ಧವು ಹತ್ತಿದಾಗ ಭದ್ರತಾ ಮಂಡಲಿಯ ಅಧ್ಯಕ್ಷತೆಯು ಅವರ ಸರದಿಯಾಗಿದ್ದಿತು. 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. 1953ನೆಯ ಇಸವಿ ನವೆಂಬರ್ 30ರಂದು ಜ್ಯೂರಿಕ್ ನಗರದಲ್ಲಿ ತೀರಿಕೊಂಡರು.

ಹೊಲದ ಮಾತಿಗೆ ಬರುತ್ತೇವೆಂದು ಹೇಳಿದ್ದೆವು. 1948ರ ಫೆಬ್ರವರಿಯ ಕರಡು ರಾಜ್ಯಾಂಗದಲ್ಲಿ, ಉತ್ತರಾಧಿಕಾರವನ್ನು ಉಭಯರ ಪಟ್ಟಿಯಲ್ಲಿ ಇಡುವಾಗ, ವ್ಯವಸಾಯದ ಜಮೀನನ್ನು ಬಿಟ್ಟು ಎಂಬ ಮಾತನ್ನು ಕರಡು ಸಮಿತಿಯು ತೆಗೆದುಹಾಕಿತು. ದೇಶಕ್ಕೆಲ್ಲ ಒಂದೇ ಕಾನೂನು ಸಾಧ್ಯವಾಗಲೆಂಬುದೇ ಅದರ ಉದ್ದೇಶ. ಕೆಲವೇ ಪದಗಳ ತಿದ್ದುಪಡಿ; ಸಭೆಯಲ್ಲಿ ಯಾವ ಜಯಘೋಷವೂ ಆಗಲಿಲ್ಲ. ರಾಯರ ಸಂಹಿತೆಯ ಹಾದಿಯಾದರೋ ಜಗಳದ ಹಾದಿ. ಅದನ್ನು ಪಾರ್ಲಿಮೆಂಟಿನಲ್ಲಿ ದಾಟಿಸಲಾರದೆ ಅಂಬೇಡ್ಕರರು 1951ರಲ್ಲಿ ಮಂತ್ರಿಪದವಿಯನ್ನೇ ಬಿಟ್ಟರು. ಅದು ತುಂಡುತುಂಡಾಗಿ 1955 ಮತ್ತು 1956ರಲ್ಲಿ ನಾಲ್ಕು ಕಾನೂನುಗಳಾಗಿ ಹೊರಬಂದಿತು. 1956ರ ಜೂನ್ 17ರಿಂದ ಹಿಂದೂ ಉತ್ತರಾಧಿಕಾರ ಕಾನೂನು ಜಾರಿಗೆ ಬಂದು, ಹೆಂಗಸಿನ ಪರಿಮಿತ ಹಕ್ಕು ಪೂರ್ಣಹಕ್ಕಾಯಿತು. ಮಿತಾಕ್ಷರದ ಗಂಡುಹಕ್ಕು ಮಾತ್ರ ಉಳಿದುಕೊಂಡಿತು. ರಾಯರ ಸಮಿತಿಯು ತೆಗೆಯಬೇಕೆಂದುದನ್ನು ಪಾರ್ಲಿಮೆಂಟು ತೆಗೆಯಲಿಲ್ಲ. ಕರ್ನಾಟಕವು 1994ರಲ್ಲಿ, ಕೇಂದ್ರವು 2005ರಲ್ಲಿ ಮಗಳನ್ನೂ ಹುಟ್ಟಿನಿಂದಲೇ ಸಮಭಾಗಿಯನ್ನಾಗಿ ಮಾಡಿದುವು. 2005ಕ್ಕೆ ತಂದೆಯು ಬದುಕಿರದಿದ್ದರೂ ಆ ಹಕ್ಕು ಸಲ್ಲುತ್ತದೆಂದು ಸುಪ್ರೀಮ್ ಕೋರ್ಟು 2020ರ ಆಗಸ್ಟ್ 11ರಂದು ತೀರ್ಮಾನಿಸಿತು.

ಹಾರನಹಳ್ಳಿಯಲ್ಲಿ ಅಂದು ಬರೆದ ಪತ್ರದಲ್ಲಿ ಇಬ್ಬರು ಅಣ್ಣತಮ್ಮಂದಿರ ಜೊತೆಗೆ ಮೂವರು ಹೆಣ್ಣುಮಕ್ಕಳ ಹೆಸರುಗಳಿದ್ದುವು. ಹಿರಿಯವಳು ಅರಿಸಿನ ಕುಂಕುಮದ ಸೀರೆಯೊಂದೇ ತನಗೆ ಸಾಕೆಂದು ಹಕ್ಕುಖುಲಾಸೆಯನ್ನು ಬರೆದುಕೊಟ್ಟಳು. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆ ಅವಳ ಮುಖದಲ್ಲಿ ನಮಗೆ ಕಾಣಿಸಿತು. ಉಳಿದಿಬ್ಬರು ಕೆರೆಯ ಕಡೆಯ ತೆಂಗಿನ ತೋಟದಲ್ಲಿ ತಮ್ಮ ಪಾಲನ್ನು ಅಳೆಸಿ, ಕಲ್ಲು ನೆಡಿಸಿಕೊಂಡರು.